ಪ್ಯಾಕೆಟಿನ ಹಿಂಬದಿ ಓದು, ಮಗಾ

ಪ್ರೀತಿಯ ಮಗಾ,

ನಿನ್ನೆ ನೀನು ಕಳಿಸಿದ ಫೋಟೊ ನೋಡಿದೆ. ಕಂದು ಬಣ್ಣದ ಬ್ರೆಡ್ಡು, ಮೇಲೆ ದಪ್ಪ ಅಕ್ಷರದಲ್ಲಿ 'ಮಲ್ಟಿಗ್ರೇನ್', ಅಂದರೆ ಹಲವು ಧಾನ್ಯದ್ದು ಅಂತ. 'ಅಮ್ಮಾ, ಈಗ ಸರಿಯಾಗಿ ತಿನ್ನುತ್ತಿದ್ದೇನೆ' ಅಂತ ಬರೆದಿದ್ದೆ. ಖುಷಿಯಾಯಿತು. ಆದರೆ ಅದರ ಹಿಂಬದಿ ಓದಿದ್ದೀಯಾ?

ಅಪ್ಪನಿಗೆ ಶುಗರ್ ಅಂತ ಗೊತ್ತಾದಾಗ ನಾನು ಗೋಧಿ ತೆನೆಯ ಚಿತ್ರ ನೋಡಿ ಬಿಸ್ಕತ್ತು ತಂದೆ. ದಿನಾ ಸಂಜೆ ಚಹಾಕ್ಕೆ ನಾಲ್ಕು ಕೊಡುತ್ತಿದ್ದೆ, ತಿಂಗಳುಗಟ್ಟಲೆ. ಒಂದು ದಿನ ಕನ್ನಡಕ ಹಾಕಿ ಸಣ್ಣ ಅಕ್ಷರ ಓದಿದರೆ ಮೊದಲ ಹೆಸರೇ 'ರಿಫೈನ್ಡ್ ವೀಟ್ ಫ್ಲೋರ್'. ಅಂದರೆ ಮೈದಾ. ಎರಡನೆಯದು ಸಕ್ಕರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ಯಾಕೆಟಿನ ಹಿಂಬದಿ ಏನೇನು ಹಾಕಿದ್ದಾರೆ ಅಂತ ಬರೆದ ಆ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು, ಅದು ನಿಯಮ. ಹಾಗಾಗಿ ಮೊದಲ ಹೆಸರು 'ಹೋಲ್ ವೀಟ್ ಫ್ಲೋರ್' ಅಥವಾ 'ಆಟಾ', ಅಂದರೆ ಇಡೀ ಗೋಧಿಯ ಹಿಟ್ಟು, ಇರಲಿ. ಪಕ್ಕದಲ್ಲಿ ಶೇಕಡಾ ಎಷ್ಟು ಅಂತಲೂ ನೋಡು. ಐದು ಧಾನ್ಯದ ಹೆಸರಿದ್ದು, ಎಲ್ಲವೂ ಒಂದೋ ಎರಡೋ ಶೇಕಡಾ ಆದರೆ ಏನು ಬಂತು? ಬಣ್ಣ ನೋಡಿ ಮೋಸ ಹೋಗಬೇಡ. 'ಕ್ಯಾರಮೆಲ್ ಕಲರ್' ಹಾಕಿದರೆ ಮೈದಾ ಬ್ರೆಡ್ಡೂ ಕಂದಾಗುತ್ತದೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಅಂತಿದ್ದರೆ ಅದೂ ಸಕ್ಕರೆಯ ಲೆಕ್ಕವೇ. ನಾರಿನಂಶ ಬರೆದಿದ್ದರೆ 100 ಗ್ರಾಂ ಲೆಕ್ಕದಲ್ಲಿ ನೋಡು. 6 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು.

ನಮ್ಮ ಕೆಂಪು ಕುಚ್ಚಲಕ್ಕಿ ನೆನಪಿದೆಯಲ್ಲ? ಆ ಕೆಂಪು ಇರುವುದು ತೌಡಿನಲ್ಲಿ. ನಾರೂ ಅಲ್ಲೇ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಷ್ಟೂ ಅಕ್ಕಿ ಬೆಳ್ಳಗಾಗುತ್ತದೆ, ಒಳ್ಳೆಯದರಲ್ಲಿ ಬಹುಪಾಲು ತೌಡಿನ ಜೊತೆ ದನದ ಕೊಟ್ಟಿಗೆಗೆ ಹೋಗುತ್ತದೆ. ಗೋಧಿಯಿಂದ ಮೈದಾ ಮಾಡುವಾಗ ಆಗುವುದೂ ಇದೇ. ಅಜ್ಜಿಗೆ ಲೇಬಲ್ ಓದಲು ಬರುತ್ತಿರಲಿಲ್ಲ, ಆದರೆ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ಕೊಳ್ಳುತ್ತಿದ್ದರು. ನಿನಗೆ ಓದಲು ಬರುತ್ತದೆ, ಅಲ್ವಾ?

ಊರಿಗೆ ಬಂದಾಗ ಬನ್ಸ್ ಮಾಡಿಕೊಡುತ್ತೇನೆ, ಮೈದಾದ್ದೇ. ಆಸೆಪಟ್ಟು ಒಂದು ದಿನ ತಿನ್ನುವುದು ಬೇರೆ, ಆರೋಗ್ಯಕ್ಕೆ ಅಂತ ನಂಬಿ ದಿನಾ ಮೈದಾ ತಿನ್ನುವುದು ಬೇರೆ. ಅದೇ ನನಗೆ ಸಂಕಟ.

ಶನಿವಾರ ಉಡುಪಿಯಿಂದ ಹೊರಡುವ ರಾತ್ರಿ ಬಸ್ಸಿನಲ್ಲಿ ಐದು ಕಿಲೊ ಕುಚ್ಚಲಕ್ಕಿ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ. ಅಕ್ಕಿ ರಾತ್ರಿಯೇ ನೆನೆಸಿಡು, ಬೆಳಿಗ್ಗೆ ಬೇಗ ಬೇಯುತ್ತದೆ. ಬ್ರೆಡ್ಡಿನ ಹಿಂಬದಿಯ ಫೋಟೊ ಇವತ್ತೇ ಕಳಿಸು. ಕನ್ನಡಕ ಹಾಕಿಕೊಂಡು ಕೂತಿರುತ್ತೇನೆ.

ನಿನ್ನ ಅಮ್ಮ