ಸಕಲೇಶಪುರಕ್ಕೆ ಹೊರಡುವ ಮುನ್ನ ಒಂದು ಲೆಕ್ಕ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಸಕಲೇಶಪುರದ ಕಾಫಿ ತೋಟಗಳತ್ತ ಹೊರಡುವ ಕುಟುಂಬಗಳು ಹೋಂಸ್ಟೇಯವರು ಹೇಳಿದ ‘ತಲೆಗಿಷ್ಟು’ ದರವನ್ನು ಜನರ ಸಂಖ್ಯೆಯಿಂದ ಗುಣಿಸಿ, ಬಜೆಟ್ ಮುಗಿಯಿತು ಅಂದುಕೊಳ್ಳುತ್ತವೆ. ಖರ್ಚು ಕೈಮೀರುವುದು ಅಲ್ಲಿಂದಾಚೆಗೆ.

ಆ ದರದಲ್ಲಿ ಏನೇನು ಸೇರಿದೆ ಎಂದು ಮುಂಗಡ ಕೊಡುವ ಮುನ್ನವೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಕೆಲವೆಡೆ ಮಧ್ಯಾಹ್ನದ ಊಟದಿಂದ ಮರುದಿನದ ತಿಂಡಿಯವರೆಗೆ ಎಲ್ಲವೂ ಸೇರಿರುತ್ತದೆ, ಕೆಲವೆಡೆ ರಾತ್ರಿ ಊಟ ಮತ್ತು ತಿಂಡಿ ಮಾತ್ರ. ಕೋಳಿ ಸಾರು, ಕ್ಯಾಂಪ್‌ಫೈರ್, ಜೀಪು, ಡ್ರೈವರ್ ಊಟ ಮತ್ತು ವಸತಿ ಬೇರೆ ಲೆಕ್ಕ. ಮಕ್ಕಳಿಗೆ ಅರ್ಧ ದರ ಯಾವ ವಯಸ್ಸಿನವರೆಗೆ ಎಂಬುದನ್ನೂ ಕೇಳಿ. ದೊಡ್ಡವರಿಗೆ ತಲೆಗೆ 2,000 ರೂ. ಎಂದು ಹಿಡಿದರೆ ಮೂವರು ದೊಡ್ಡವರು, ಅರ್ಧ ದರದ ಒಂದು ಮಗುವಿಗೆ ಒಂದು ರಾತ್ರಿಗೆ 7,000 ರೂ. ಜಿಎಸ್‌ಟಿ ನೋಂದಣಿ ಇರುವ ಕಡೆ 7,500 ರೂ.ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 5. ಹಳೆಯ ಶೇ 12 ಹಾಕಿದ್ದರೆ ಪ್ರಶ್ನಿಸಿ.

ದುಡ್ಡು ಹೆಚ್ಚು ಸೋರುವುದು ಪೇಟೆಯಿಂದ ತೋಟದವರೆಗಿನ ಕೊನೆಯ ಹತ್ತಿಪ್ಪತ್ತು ಕಿಲೋಮೀಟರ್‌ನಲ್ಲಿ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರಕ್ಕೆ ಕರ್ನಾಟಕ ಸಾರಿಗೆಯ ಕೆಂಪು ಬಸ್ಸಿನಲ್ಲಿ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಹಣವಿಲ್ಲ. ರಾಜಹಂಸ, ಐರಾವತದಲ್ಲಿ ಈ ಸೌಲಭ್ಯ ಸಿಗದು. ಹೀಗೆ ಉಳಿಸಿದ್ದನ್ನೆಲ್ಲ ಬಸ್‌ ನಿಲ್ದಾಣದಲ್ಲಿ ಆಟೊಗೆ ಕೊಡಬೇಕಾಗುತ್ತದೆ, ಏಕೆಂದರೆ ತೋಟದ ಕಡೆಯಿಂದ ಬಾಡಿಗೆ ಸಿಗದೆ ಖಾಲಿ ಮರಳುವ ಅವರು ಎರಡೂ ಕಡೆಯ ದರ ಕೇಳುತ್ತಾರೆ. ಕತ್ತಲಾದ ಮೇಲೆ ಆನೆ ಓಡಾಡುವ ರಸ್ತೆಗೆ ಬರಲು ಹಲವರು ಒಪ್ಪುವುದೂ ಇಲ್ಲ, ಅದು ಸರಿಯೇ. ರಾತ್ರಿ ರೈಲಿನಲ್ಲಿ ಅಪರಾತ್ರಿ ಇಳಿದವರಿಗೆ ಕೋಣೆ ಸಿಗುವುದು ಮಧ್ಯಾಹ್ನಕ್ಕೆ. ನಡುವಿನ ಹೊತ್ತಿಗೆ ಲಾಡ್ಜ್ ಬಾಡಿಗೆ ಬೇರೆ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ತಲುಪುವ ಬಸ್ಸು ಹಿಡಿದು, ಹೋಂಸ್ಟೇಯವರ ಜೀಪನ್ನೇ ಪೇಟೆಗೆ ಕರೆಸಿಕೊಳ್ಳುವುದು ಲೇಸು.

ಸ್ವಂತ ಕಾರಾದರೆ ಹೋಗಿಬರುವ ಹೆದ್ದಾರಿಯ 440 ಕಿ.ಮೀ.ಗೆ ಲೀಟರಿಗೆ 16ರಂತೆ, ಏರುತಗ್ಗಿನ ತೋಟದ ರಸ್ತೆಯ 100 ಕಿ.ಮೀ.ಗೆ ಲೀಟರಿಗೆ 10ರಂತೆ ಹಿಡಿಯಿರಿ. ಎರಡನೇ ಗೇರಿನಲ್ಲೇ ಓಡಿಸುವಲ್ಲಿ ಹೆದ್ದಾರಿಯ ಮೈಲೇಜು ಬರುವುದಿಲ್ಲ. ಒಟ್ಟು 37.5 ಲೀಟರ್, ಲೀಟರಿಗೆ 103 ರೂ. ಆದರೆ ಸುಮಾರು 3,860 ರೂ., ಟೋಲ್ ಬಿಟ್ಟು.

ನೋಡುವ ಜಾಗಗಳನ್ನು ದಿಕ್ಕಿನ ಪ್ರಕಾರ ಹಂಚಿಕೊಳ್ಳಿ. ಮೂಕನಮನೆ ಜಲಪಾತ, ಬಿಸಿಲೆ ಘಾಟಿ ಹೆತ್ತೂರು ಕಡೆ. ಬೆಟ್ಟದ ಭೈರವೇಶ್ವರ ದೇವಸ್ಥಾನ ಹಾನುಬಾಳು ಕಡೆ. ಎರಡೂ ದಿಕ್ಕನ್ನು ಒಂದೇ ದಿನಕ್ಕೆ ತುರುಕಿದರೆ ದಿನವೆಲ್ಲ ಗಾಡಿಯಲ್ಲೇ ಕಳೆದು, ಬಾಡಿಗೆ ದುಪ್ಪಟ್ಟಾಗುತ್ತದೆ. ಮಂಜರಾಬಾದ್ ಕೋಟೆ ಮಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದೆ, ಅದಕ್ಕೆ ಜೀಪು ಬೇಕಿಲ್ಲ. ಮಳೆಗಾಲದಲ್ಲಿ ಬಿಸಿಲೆಯವರೆಗೆ ಬಾಡಿಗೆ ಕೊಟ್ಟು ಹೋದರೂ ಮಂಜು ಮುಚ್ಚಿ ಏನೂ ಕಾಣದಿರುವುದೇ ಹೆಚ್ಚು. ಕರಾವಳಿಯಿಂದ ಬರುವವರು ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಸುತ್ತು ದಾರಿಯ ಪೆಟ್ರೋಲಿಗೂ ಹಣ ಇಟ್ಟುಕೊಂಡಿರಬೇಕು.

ಕಾಫಿ ಹೂವು ನೋಡಲೆಂದೇ ಹೆಚ್ಚು ದರ ಕೊಟ್ಟು ಬರುವವರಿಗೆ ಒಂದು ಮಾತು. ಹೂವು ತಿಂಗಳು ನೋಡಿ ಅರಳುವುದಿಲ್ಲ. ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದ ಅಥವಾ ಸ್ಪ್ರಿಂಕ್ಲರ್ ಹಾಕಿದ ಎಂಟು–ಹತ್ತು ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಬಾಡುತ್ತದೆ. ರೋಬಸ್ಟಾ ಜಾತಿಯ ಕಾಫಿ ತೋಟಕ್ಕೆ ನೀರು ಹಾಯಿಸುವುದು ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್‌ನಲ್ಲಿ. ‘ನೀರು ಹಾಕಿದ್ದು ಯಾವತ್ತು?’ ಎಂದು ಕೇಳಿ ದಿನ ಗೊತ್ತುಮಾಡಿಕೊಳ್ಳಿ, ‘ಮಾರ್ಚ್‌ಗೆ ಬನ್ನಿ, ಹೂವಿರುತ್ತೆ’ ಎಂಬ ಭರವಸೆಗೆ ಮುಂಗಡ ಕಟ್ಟಬೇಡಿ. ತೋಟದೊಳಗೆ ನೆಟ್‌ವರ್ಕ್ ಸಿಗದೆ ಯುಪಿಐ ಕೈಕೊಡುವುದರಿಂದ ಎರಡು ಮೂರು ಸಾವಿರ ನಗದು ಇರಲಿ.

ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳನ್ನು ನೋಂದಾಯಿಸುವಾಗಲೇ ಊಟ, ಜೀಪು, ಮಕ್ಕಳ ದರ, ಮುಂಗಡ ವಾಪಸಿನ ನಿಯಮ ಒಳಗೊಂಡ ದರಪಟ್ಟಿಯನ್ನು ಕಡ್ಡಾಯ ಮಾಡಬೇಕು. ಸಕಲೇಶಪುರದ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಾನುಬಾಳು, ಹೆತ್ತೂರು, ಬಿಸಿಲೆ ಕಡೆಯ ಆಟೊ ಮತ್ತು ಜೀಪು ಬಾಡಿಗೆಯನ್ನು, ಖಾಲಿ ಮರಳುವ ದರವನ್ನೂ ಸೇರಿಸಿ, ಫಲಕದಲ್ಲಿ ಬರೆಸಬೇಕು. ಚಾಲಕರ ಸಂಘಗಳೊಂದಿಗೆ ಕೂತು ಮಾತಾಡಿದರೆ ಮುಂದಿನ ರಜೆಯೊಳಗೆ ಇದು ಆಗುವ ಕೆಲಸ.

– ಕಾಫಿ ಬೆಳೆಗಾರರೊಬ್ಬರು, ಸಕಲೇಶಪುರ ತಾಲ್ಲೂಕು