ಬೇಡ ಅನ್ನದ ಊರಿಗೆ ಬರುವ ಮುಂಚೆ

ಪ್ರೀತಿಯ ಮಂಜ,

ಟಿಕೆಟ್ ಆಯಿತು ಅಂತ ಓದಿ ಖುಷಿಯಾಯಿತು ಮಾರಾಯ. ಅದೂ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೀಯ. ಆದರೆ ಆರಿಸಿಕೊಂಡಿದ್ದು ಆಗಸ್ಟ್! ಜಪಾನಿನ ಈ ಕ್ಯೋಟೊಗೆ ಮೂರು ಕಡೆ ಬೆಟ್ಟ. ಗಾಳಿ ಆಡುವುದಿಲ್ಲ. 35 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಬೆಳಿಗ್ಗೆ ಬೇಗ ಎದ್ದು ಸುತ್ತಿ, ಮಧ್ಯಾಹ್ನ ಒಳಗಿದ್ದು, ಸಂಜೆ ಮತ್ತೆ ಹೊರಡೋಣ. ಅಮ್ಮನಿಗೆ ಇದನ್ನು ಈಗಲೇ ಹೇಳಿಬಿಡು.

ಏನೇನು ಮಾಡಬಾರದು ಅಂತ ಒಂದು ಪಟ್ಟಿ ಕಳಿಸು ಅಂದಿದ್ದೆ. ಪಟ್ಟಿಯೇನೋ ಕಳಿಸಬಹುದು, ಅದರಿಂದ ಉಪಯೋಗ ಕಮ್ಮಿ. ಈ ಊರಿನ ಜನ ಬಾಯಿಬಿಟ್ಟು "ಹಾಗೆ ಮಾಡಬೇಡಿ" ಅನ್ನುವುದು ತೀರಾ ಅಪರೂಪ. ಹೇಳಬೇಕಾದ್ದನ್ನು ಮನೆ ಮುಂದೆ ಏನಾದರೊಂದು ಇಟ್ಟು ಹೇಳುತ್ತಾರೆ. ಅದನ್ನು ಗಮನಿಸುವುದು ರೂಢಿಯಾದರೆ ಪಟ್ಟಿ ಬೇಕಾಗಿಲ್ಲ.

ದೇವಸ್ಥಾನದ ತೋಟದಲ್ಲಿ ನಡೆಯುವಾಗ ಕೆಲವು ಕಡೆ ದಾರಿ ಎರಡಾಗಿ ಒಡೆಯುತ್ತದೆ. ಒಂದು ದಾರಿಯ ಹಾಸುಗಲ್ಲಿನ ಮೇಲೆ ಒಂದು ಗುಂಡುಕಲ್ಲು ಕೂತಿರುತ್ತದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕಪ್ಪು ಹಗ್ಗವನ್ನು ಅಡ್ಡ ಉದ್ದ ಸುತ್ತಿ, ನೆತ್ತಿಯ ಮೇಲೆ ಗಂಟು ಹಾಕಿ, ಎತ್ತಿಡಲು ಒಂದು ಹಿಡಿ ಬಿಟ್ಟಿರುತ್ತಾರೆ. ಅಷ್ಟೇ. ಬೋರ್ಡಿಲ್ಲ, ಬೇಲಿಯಿಲ್ಲ, ಕಾವಲುಗಾರ ಇಲ್ಲ. ಚಿಕ್ಕ ಮಗು ಕೂಡ ದಾಟಿಹೋಗಬಹುದು. ಆದರೂ ಯಾರೂ ದಾಟುವುದಿಲ್ಲ. ಸೆಕಿಮೊರಿ ಇಶಿ ಅಂತಾರೆ ಅದನ್ನು. ಈ ಕಡೆ ಬರಬೇಡಿ ಅಂತ ಅರ್ಥ. ಚಹಾ ಸಮಾರಂಭದ ತೋಟಗಳಿಂದ ಬಂದ ಪದ್ಧತಿ. ನೀನು ಅದನ್ನು ನೋಡಿ, "ಎಷ್ಟು ಚೆನ್ನಾಗಿದೆ" ಅಂತ ಕೈಗೆತ್ತಿಕೊಂಡು ಫೋಟೊ ತೆಗೆಸಿಕೊಳ್ಳುವ ಗಿರಾಕಿ, ಅದಕ್ಕೇ ಮೊದಲು ಇದನ್ನೇ ಬರೆದೆ.

ಇನ್ನೊಂದು ಕಲ್ಲಿದೆ, ಅದು ಇಷ್ಟು ನಾಜೂಕಲ್ಲ. ಹಳೆಯ ಓಣಿಗಳ ತಿರುವಿನಲ್ಲಿ, ಮನೆಯ ಮೂಲೆಗೆ ಒತ್ತಿ ಒಂದು ಬಂಡೆ ಇಟ್ಟಿರುತ್ತಾರೆ. ಕಾರು ತಿರುಗಿಸುವವನು ಗೋಡೆಗೆ ಉಜ್ಜಬಾರದು ಅಂತ. ಗೋಡೆಯ ಬದಲು ಬಂಪರ್ ಹೋಗಲಿ, ನಮಗೇನು ಅನ್ನುವ ಲೆಕ್ಕ. ಊರಿನವರೇ ಇದನ್ನು ಇಕೆಜು ಇಶಿ, ಅಂದರೆ ಕಿತಾಪತಿ ಕಲ್ಲು ಅಂತ ಕರೆದು ನಗುತ್ತಾರೆ. ನನಗಂತೂ ಕ್ಯೋಟೊದವರ ಸ್ವಭಾವ ಪೂರ್ತಿ ಆ ಕಲ್ಲಿನಲ್ಲಿದೆ ಅನಿಸುತ್ತದೆ. ಜಗಳ ಇಲ್ಲ, ಬೈಗುಳ ಇಲ್ಲ. ಕಲ್ಲು ಮಾತ್ರ ಅಲ್ಲೇ ಇರುತ್ತದೆ.

ಗೋಡೆಗಳ ಬುಡವನ್ನೂ ನೋಡುತ್ತಾ ನಡಿ. ಕೆಲವು ಕಡೆ ಮೊಳಕಾಲಿಗಿಂತ ಕೆಳಗೆ, ಗೇಣುದ್ದದ ಕೆಂಪು ತೋರಿ ಹೊಡೆದಿರುತ್ತಾರೆ. ತೋರಿ ಅಂದರೆ ಶಿಂತೊ ದೇವಸ್ಥಾನದ ಮುಂದಿನ ಮಹಾದ್ವಾರ. ಅದರ ಪುಟ್ಟ ರೂಪ ಇಲ್ಲೇಕೆ ಅಂತೀಯಾ? ನಮ್ಮೂರಲ್ಲಿ ಕಾಂಪೌಂಡ್ ಗೋಡೆಗೆ ಗಣಪತಿ, ಏಸು, ಮೆಕ್ಕಾ ಮೂರೂ ಇರುವ ಟೈಲ್ಸ್ ಅಂಟಿಸುತ್ತಾರಲ್ಲ, ಅದಕ್ಕೇ. ಇಲ್ಲೂ ಕುಡಿದವರು ಗೋಡೆ ಹುಡುಕುತ್ತಾರೆ, ಇಲ್ಲೂ ಕಸ ಎಸೆಯುವವರಿದ್ದಾರೆ. ಜಪಾನ್ ಅಂದರೆ ಎಲ್ಲರೂ ಹುಟ್ಟುತ್ತಲೇ ಶಿಸ್ತು ಅಂತ ವಾಟ್ಸಾಪಿನಲ್ಲಿ ಓದಿ ಬರುವವರಿಗೆ ನಾನು ಮೊದಲು ತೋರಿಸುವುದು ಈ ತೋರಿಗಳನ್ನೇ.

ಹಾಗೇ ಸ್ವಲ್ಪ ತಲೆ ಎತ್ತಿದರೆ, ಬಾಗಿಲ ಮೇಲಿನ ಸಣ್ಣ ಮಾಡಿನ ಮೇಲೆ ಹೆಂಚಿನ ಮಣ್ಣಿನಲ್ಲಿ ಮಾಡಿದ ಗಡ್ಡದ ಮನುಷ್ಯನೊಬ್ಬ ಕತ್ತಿ ಹಿಡಿದು ನಿಂತಿರುತ್ತಾನೆ. ಶೋಕಿ ಅಂತ ಹೆಸರು, ಚೀನಾದಿಂದ ಬಂದವನು, ಭೂತ ಓಡಿಸುವುದು ಅವನ ಕೆಲಸ. ಒಂದು ಮನೆಯ ಶೋಕಿ ಓಡಿಸಿದ ಭೂತ ಎದುರು ಮನೆಗೆ ನುಗ್ಗಬಾರದಲ್ಲ? ಅದಕ್ಕೆ ಎರಡು ಶೋಕಿಗಳ ಕಣ್ಣಿಗೆ ಕಣ್ಣು ತಾಗದ ಹಾಗೆ ಸ್ವಲ್ಪ ಓರೆಯಾಗಿ ಇಡುವುದು ರೂಢಿ. ಭೂತದ ವಿಷಯದಲ್ಲೂ ನೆರೆಹೊರೆಯ ದಾಕ್ಷಿಣ್ಯ.

ಈ ದಾಕ್ಷಿಣ್ಯ ಎಷ್ಟು ಸೂಕ್ಷ್ಮ ಅಂತ ನೋಡಬೇಕಾದರೆ ಬೆಳಿಗ್ಗೆ ಆರೂವರೆಗೆ ಹಳೆಯ ಬೀದಿಗೆ ಬಾ. ಅಜ್ಜಿಯರು ಬಿದಿರಿನ ಪೊರಕೆ ಹಿಡಿದು ಮನೆ ಮುಂದಿನ ರಸ್ತೆ ಗುಡಿಸುತ್ತಿರುತ್ತಾರೆ. ತಮ್ಮ ಮನೆಯ ಗೆರೆಗೇ ನಿಲ್ಲಿಸುವುದಿಲ್ಲ. ಎಡಕ್ಕೂ ಬಲಕ್ಕೂ ಪಕ್ಕದ ಮನೆಯ ಕಡೆ ಒಂದಡಿ ಸೇರಿಸಿ ಗುಡಿಸುತ್ತಾರೆ. ತಮ್ಮದಷ್ಟೇ ಗುಡಿಸಿದರೆ ಜುಗ್ಗರು ಅನ್ನಿಸಿಕೊಳ್ಳುತ್ತಾರೆ. ಪಕ್ಕದವರದ್ದನ್ನು ಪೂರ್ತಿ ಗುಡಿಸಿದರೆ ಇನ್ನೂ ಕಷ್ಟ. ನೀವು ಸೋಮಾರಿಗಳು ಅಂತ ಸಾರಿದ ಹಾಗೆ, ಋಣದ ಭಾರ ಬೇರೆ. ಆ ಒಂದಡಿಯಲ್ಲೇ ಸಂಬಂಧ ನಿಂತಿದೆ. ಆಮೇಲೆ ನೀರು ಚಿಮುಕಿಸುತ್ತಾರೆ, ಧೂಳು ಕೂರುತ್ತದೆ, ತಂಪೂ ಆಗುತ್ತದೆ. ನೀನು ಹಾದುಹೋಗುವಾಗ ಚೊಂಬು ತಡೆದು ನಿಲ್ಲುತ್ತಾರೆ. ತಲೆ ಬಾಗಿಸಿ "ಒಹಾಯೊ ಗೊಜಾಯಿಮಾಸ್" ಅನ್ನು, ಮುಗಿಯಿತು. ಮನೆ ಮುಂದೆ ಕೆಂಪು ಬಕೆಟಿನಲ್ಲಿ ನೀರು ತುಂಬಿಟ್ಟಿದ್ದರೆ ಅದು ಬೆಂಕಿ ಆರಿಸಲು. ಎಲ್ಲ ಮರದ ಮನೆಗಳಲ್ಲವಾ. ಅದರಲ್ಲಿ ಕೈ ಅದ್ದಬೇಡ. ಗೋಡೆಗೆ ಬಾಗಿಸಿಟ್ಟ ಬಿದಿರಿನ ತಟ್ಟಿಗೆ ಒರಗಬೇಡ, ಅದು ಬೇಗ ಮುರಿಯುತ್ತದೆ.

ಇಷ್ಟು ಸೂಕ್ಷ್ಮದ ಊರು ಕೊನೆಗೆ ಬೋರ್ಡು ಹಾಕಲೇಬೇಕಾಗಿ ಬಂದ ಜಾಗ ಗಿಯೋನ್. ಮೈಕೊ ಹುಡುಗಿಯರು, ಅಂದರೆ ಹಾಡು ಕುಣಿತದಿಂದ ಅತಿಥಿಗಳನ್ನು ರಂಜಿಸುವ ಗೇಷಾ ಆಗಲು ಕಲಿಯುತ್ತಿರುವವರು, ಸಂಜೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಪ್ರವಾಸಿಗಳು ಅಟ್ಟಿಸಿಕೊಂಡು ಹೋಗಿ ಫೋಟೊ ತೆಗೆಯುವುದು, ಕಿಮೊನೊ ತೋಳು ಎಳೆಯುವುದು ಶುರುವಾಯಿತು. 2019ರಲ್ಲಿ ಅಲ್ಲಿನ ಖಾಸಗಿ ಓಣಿಗಳಲ್ಲಿ ಫೋಟೊ ಬೇಡ ಎಂದರು. ಕೇಳಲಿಲ್ಲ. 2024ರಲ್ಲಿ ಆ ಸಣ್ಣ ಓಣಿಗಳಿಗೆ ಪ್ರವಾಸಿಗಳು ಬರುವುದೇ ಬೇಡ ಅಂತ ಬೋರ್ಡು ಬಿತ್ತು, ಮೀರಿದರೆ 10,000 ಯೆನ್ ದಂಡ. ದೊಡ್ಡ ರಸ್ತೆ ಹನಾಮಿಕೋಜಿಯಲ್ಲಿ ನಡೆಯಬಹುದು. ಆ ಹುಡುಗಿಯರಲ್ಲಿ ಕೆಲವರಿಗೆ ಇನ್ನೂ ಹದಿನಾರು ಹದಿನೇಳು ವರ್ಷ. ಎದುರಾದರೆ ದಾರಿ ಬಿಟ್ಟು ಕಣ್ತುಂಬ ನೋಡು, ಫೋನು ಜೇಬಿನಲ್ಲೇ ಇರಲಿ. ಗೇಷಾಗಳು ಅತಿಥಿಗಳನ್ನು ರಂಜಿಸುವ ಅಲ್ಲಿನ ಚಹಾಮನೆಗಳ ಒಳಗೆ ಹೋಗುವ ಆಸೆಯನ್ನೂ ಬಿಡು. ಗೊತ್ತಿದ್ದವರು ಕರೆದುಕೊಂಡು ಹೋಗದೆ ಹೊಸಬರನ್ನು ಸೇರಿಸುವುದಿಲ್ಲ. ಅದು ಕೊಬ್ಬಲ್ಲ. ಅಲ್ಲಿ ದುಡ್ಡು ಆಮೇಲೆ ಕೊಡುವ ವ್ಯವಹಾರ. ಹೊಸಬ ಕೈಕೊಟ್ಟರೆ ಪರಿಚಯ ಮಾಡಿಸಿದವನೇ ತುಂಬಿಕೊಡಬೇಕು.

ಓಡಾಟಕ್ಕೆ ಸಿಟಿ ಬಸ್ಸು. ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳಿಯಬೇಕು. ದುಡ್ಡು ಇಳಿಯುವಾಗ. ಊರೊಳಗೆ ಎಲ್ಲಿಗಾದರೂ 230 ಯೆನ್. ಸೂಟ್‌ಕೇಸ್ ತೆಗೆದುಕೊಂಡು ಮಾತ್ರ ಬಸ್ಸು ಹತ್ತಬೇಡ. ಪ್ರವಾಸಿಗಳ ಲಗೇಜಿನಿಂದಾಗಿ ಇಲ್ಲಿನ ಮುದುಕರಿಗೆ ಆಸ್ಪತ್ರೆಗೆ ಹೋಗಲೂ ಬಸ್ಸಿನಲ್ಲಿ ಜಾಗ ಸಿಗುತ್ತಿಲ್ಲ. ಆ ಸಿಟ್ಟು ನ್ಯಾಯವೇ. ಪ್ರವಾಸಿಗಳೆಲ್ಲ ಹೋಗುವ ಅರಶಿಯಾಮಾ, ಫುಶಿಮಿ ಇನಾರಿ ಎರಡಕ್ಕೂ ರೈಲಿದೆ, ಅದರಲ್ಲೇ ಹೋಗೋಣ. ರೈಲಿನಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ನಿಮ್ಮಮ್ಮ ಸಾಗರದ ಚಿಕ್ಕಮ್ಮನಿಗೆ ಸ್ಪೀಕರ್ ಹಾಕಿ ಮಾತಾಡುವುದನ್ನು ಸಂಜೆಗೆ ಇಟ್ಟುಕೊಳ್ಳಲಿ.

ಈಗ ಊಟ. ನಿನಗೆ ಇದೇ ಚಿಂತೆ ಅಂತ ಗೊತ್ತು. ಮಾಂಸ ಬೇಡ ಅಂದರೆ ಅವರಿಗೆ ಅರ್ಥವಾಗುತ್ತದೆ. ತೊಂದರೆ ಇರುವುದು ದಾಶಿಯಲ್ಲಿ. ಅದು ಅಡುಗೆಯ ತಳದ ಸಾರು. ಕೊಂಬು ಅನ್ನುವ ಕಡಲಪಾಚಿ, ಜೊತೆಗೆ ಒಣಗಿಸಿ ಹೆರೆದ ಮೀನಿನ ಚೂರು ಹಾಕಿ ಕುದಿಸುತ್ತಾರೆ. ಉದೊನ್ ನೂಡಲ್ಸಿನ ಸಾರು, ಮಿಸೊ ಸೂಪು, ಬೇಯಿಸಿದ ಕುಂಬಳಕಾಯಿ, ಎಲ್ಲದರಲ್ಲೂ ಅದೇ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ನಂಬುವ ಹಾಗಿಲ್ಲ. "ನಿಕು, ಸಕನಾ, ಕತ್ಸುಒ ದಾಶಿ, ತಬೆರಾರೆಮಾಸೆನ್", ಅಂದರೆ ಮಾಂಸ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ ಅಂತ ಒಂದು ಚೀಟಿ ಜಪಾನಿಯಲ್ಲಿ ಬರೆದು ಕೊಡುತ್ತೇನೆ, ಅಮ್ಮನ ಪರ್ಸಿನಲ್ಲಿರಲಿ. ಚೀಟಿ ನೋಡಿ ಅಂಗಡಿಯವರು ತಲೆ ವಾಲಿಸಿ, ಹಲ್ಲಿನ ನಡುವೆ ಉಸಿರೆಳೆದು "ಚೊತ್ತೊ..." ಅಂತ ರಾಗ ಎಳೆದರೆ ಅದು "ಆಗಲ್ಲ". ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನಬೇಡ. ಥ್ಯಾಂಕ್ಸ್ ಹೇಳಿ ಮುಂದಿನ ಅಂಗಡಿ.

ಅಮ್ಮನಿಗೆ ನೆಮ್ಮದಿಯ ಊಟ ಅಂದರೆ ಶೋಜಿನ್ ರ್ಯೋರಿ, ಝೆನ್ ಮಠದ ಅಡುಗೆ. ಮೀನಿಲ್ಲ, ಮಾಂಸವಿಲ್ಲ. ಅಮ್ಮ ಚಾತುರ್ಮಾಸದಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಡುತ್ತಾರಲ್ಲ, ಅವೂ ಇರುವುದಿಲ್ಲ. ಅರಶಿಯಾಮಾದ ತೆನ್‌ರ್ಯೂಜಿ ಮಠದ ಒಳಗೇ ಶಿಗೆತ್ಸು ಅಂತ ಊಟದ ಮನೆ ಇದೆ. ನೆಲದ ಮೇಲೆ ಕೂರಬೇಕು. ಕೆಂಪು ಮೆರುಗಿನ ತಟ್ಟೆಯಲ್ಲಿ ಪುಟ್ಟ ಪುಟ್ಟ ಬಟ್ಟಲು. ಎಳ್ಳಿನ ತೋಫು, ಬೇಯಿಸಿದ ಬದನೆ, ಅನ್ನ, ಉಪ್ಪು ಹಾಕಿದ ತರಕಾರಿ. ಖಾರ ಮಾತ್ರ ಹುಡುಕಬೇಡ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸಬಾರದು. ಎರಡೂ ಸಾವಿನ ಮನೆಯ ಕ್ರಮ. ದಹನವಾದ ಮೇಲೆ ಮೂಳೆಗಳನ್ನು ಹಾಗೇ ಎತ್ತಿ ದಾಟಿಸುತ್ತಾರೆ. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಮೇಜಿನ ಮೇಲೆ ಬಿಟ್ಟುಬಂದರೆ, ಮರೆತು ಹೋದಿರಿ ಅಂತ ಬೀದಿಗೆ ಓಡಿಬಂದು ವಾಪಸ್ ಕೊಡುತ್ತಾರೆ.

ನಿಶಿಕಿ ಮಾರ್ಕೆಟಿನಲ್ಲಿ ಕೊಂಡಿದ್ದನ್ನು ಆ ಅಂಗಡಿ ಮುಂದೆಯೇ ನಿಂತು ತಿನ್ನು, ನಡೆಯುತ್ತಾ ತಿನ್ನಬೇಡ. ಕಾಮೊ ನದಿಯ ದಂಡೆಯಲ್ಲಿ ಕೂತು ತಿನ್ನುವುದಾದರೆ ಆಕಾಶದ ಮೇಲೆ ಒಂದು ಕಣ್ಣಿರಲಿ. ಅಲ್ಲಿನ ಹದ್ದುಗಳು ಹಿಂದಿನಿಂದ ಸದ್ದಿಲ್ಲದೆ ಎರಗಿ ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತುಕೊಂಡು ಹೋಗುತ್ತವೆ. ಅವಕ್ಕೆ ಮಾತ್ರ ಕ್ಯೋಟೊದ ದಾಕ್ಷಿಣ್ಯ ಗೊತ್ತಿಲ್ಲ.

ಆಗಸ್ಟಿಗೆ ಬರುವುದರಲ್ಲಿ ಒಂದು ಲಾಭ ಇದೆ. 16ನೇ ತಾರೀಕು ರಾತ್ರಿ ಎಂಟಕ್ಕೆ ಗೊಜಾನ್ ಒಕುರಿಬಿ. ಓಬೊನ್ ದಿನಗಳಲ್ಲಿ ಮನೆಗೆ ಬಂದ ಹಿರಿಯರ ಆತ್ಮಗಳನ್ನು ಬೆಂಕಿ ಹಚ್ಚಿ ಬೀಳ್ಕೊಡುವುದು. ಮೊದಲು ಪೂರ್ವದ ಬೆಟ್ಟದ ಮೈಮೇಲೆ 'ದೊಡ್ಡದು' ಅನ್ನುವ ಅರ್ಥದ ಅಕ್ಷರ ಉರಿಯುತ್ತದೆ. ಆಮೇಲೆ ಐದೈದು ನಿಮಿಷಕ್ಕೆ ಒಂದರಂತೆ ಇನ್ನು ನಾಲ್ಕು ಕಡೆ ಬೆಂಕಿ, ಅದರಲ್ಲಿ ಒಂದು ದೋಣಿ, ಒಂದು ತೋರಿ. ಒಂದೊಂದೂ ಅರ್ಧ ಗಂಟೆ ಉರಿದರೆ ಹೆಚ್ಚು. ಇದನ್ನು ಪಟಾಕಿ ಹಬ್ಬ ಅಂದುಕೊಂಡು ಸಿಳ್ಳೆ ಹಾಕುವವರಿದ್ದಾರೆ. ಪಕ್ಕದಲ್ಲಿ ಕೈಮುಗಿದು ನಿಂತವರು ಏನೂ ಅನ್ನುವುದಿಲ್ಲ, ಗೊತ್ತಲ್ಲ. ಮಾರುತಾಮಾಚಿ ಸೇತುವೆಯಿಂದ ಉತ್ತರಕ್ಕೆ ನದಿ ದಂಡೆಯಲ್ಲಿ ನಿಂತರೆ ಮೊದಲನೆಯದು ಚೆನ್ನಾಗಿ ಕಾಣುತ್ತದೆ. ಏಳಕ್ಕೆಲ್ಲ ಹೋಗಿ ಜಾಗ ಹಿಡಿಯೋಣ. ಮಾರನೇ ದಿನ ಬೆಳಿಗ್ಗೆ ಕೆಲವರು ಆ ಬೆಟ್ಟ ಹತ್ತಿ ಉಳಿದ ಇದ್ದಿಲು ಆಯ್ದು ತರುತ್ತಾರೆ. ಕಾಗದದಲ್ಲಿ ಸುತ್ತಿ ಬಾಗಿಲಿಗೆ ಕಟ್ಟಿದರೆ ಮನೆಗೆ ಕೆಡುಕಾಗದು ಅಂತ ನಂಬಿಕೆ. ನಿನಗೆ ಮೊಣಕಾಲು ಸರಿಯಿದ್ದರೆ ನಾವೂ ಹತ್ತೋಣ. ಸುಮಾರು ಒಂದು ಗಂಟೆ ಹಾದಿ.

ಸಾಮಾನು ಕಟ್ಟುವಾಗ: ತೂತಿಲ್ಲದ ಕಾಲುಚೀಲ ಜಾಸ್ತಿ ಇರಲಿ. ದಿನಕ್ಕೆ ಹತ್ತು ಸಲ ಶೂ ಬಿಚ್ಚಬೇಕಾಗುತ್ತದೆ. ಲೇಸ್ ಕಟ್ಟುವ ಶೂ ಬೇಡ. ಚಾಪೆ ಹಾಸಿದ ಕೋಣೆಗೆ ಚಪ್ಪಲಿಯೂ ಕೂಡದು, ಟಾಯ್ಲೆಟ್ಟಿಗೆ ಬೇರೆಯೇ ಚಪ್ಪಲಿ, ಅದನ್ನು ಅಲ್ಲೇ ಬಿಟ್ಟು ಬರಬೇಕು. ಒಂದು ಕೈವಸ್ತ್ರ ಇಟ್ಟುಕೊ, ಕೈ ಒರೆಸಲು ಎಲ್ಲ ಕಡೆ ಕಾಗದ ಇರುವುದಿಲ್ಲ. ಬೀದಿಯಲ್ಲಿ ಕಸದ ಡಬ್ಬವೂ ಸಿಗುವುದಿಲ್ಲ, ಹಾಗಾಗಿ ಒಂದು ಪ್ಲಾಸ್ಟಿಕ್ ಚೀಲ. ಚಟ್ನಿಪುಡಿ ಧಾರಾಳವಾಗಿ ತಾ. ಕರಿಬೇವು, ಮಾವಿನಹಣ್ಣು ಬೇಡವೇ ಬೇಡ. ಹಸಿ ಸೊಪ್ಪು ಹಣ್ಣಿಗೆ ತಪಾಸಣೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಇಳಿಯುತ್ತೀರಿ ಅಂತ ಬರೆ. ಅಲ್ಲಿಂದ ಹರುಕಾ ರೈಲು ಹಿಡಿದರೆ ಕ್ಯೋಟೊಗೆ ಒಂದೂಕಾಲು ಗಂಟೆ ಚಿಲ್ಲರೆ. ನಾನು ಪ್ಲಾಟ್‌ಫಾರ್ಮಿಗೇ ಬರುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಸುಧಿ