ಮಗಳಿಗೊಂದು ಪತ್ರ: ವಿನೇಶ್ ವಾಪಸ್ ಬರ್ತಾಳಂತೆ, ನಿನಗ್ಯಾಕೆ ಇಷ್ಟು ಕೋಪ?

ಪುಟ್ಟೀ,

ನಿನ್ನ ಆ ಉದ್ದದ ಮೆಸೇಜಿಗೆ ಫೋನಲ್ಲೇ ಉತ್ತರ ಕೊಡಬಹುದಿತ್ತು, ಆದ್ರೆ ಫೋನಲ್ಲಿ ನಿನ್ನ ಹತ್ರ ವಾದಕ್ಕೆ ನಿಂತ್ರೆ "ಬಿಡಮ್ಮ, ನಿಂಗೆ ಗೊತ್ತಾಗಲ್ಲ" ಅಂತ ಕಟ್ ಮಾಡ್ತೀಯ, ಅದಕ್ಕೇ ಬರೀತಿದೀನಿ, ಪೂರ್ತಿ ಓದಿ ಆಮೇಲೆ ಬೈಕೋ. ಕುಸ್ತಿಯ ವಿನೇಶ್ ಫೋಗಟ್ ರಿಟೈರ್ಮೆಂಟ್ ವಾಪಸ್ ತಗೊಂಡು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಕಡೆ ನೋಡ್ತಿದಾಳೆ ಅನ್ನೋ ಸುದ್ದಿ ಬಂದಾಗ ಎಲ್ಲರಿಗಿಂತ ಜಾಸ್ತಿ ಕುಣಿಯೋಳು ನೀನೇ ಅಂದ್ಕೊಂಡಿದ್ದೆ. ನೀನು ನೋಡಿದ್ರೆ "ಅಷ್ಟು ದೊಡ್ಡ ವಿದಾಯಾನ ಅವಳೇ ಹಾಳು ಮಾಡ್ಕೋತಿದಾಳೆ" ಅಂತ ಬರೆದಿದೀಯ.

ಯಾವ ವಿದಾಯ ಮಾರಾಯ್ತಿ? ಸ್ವಲ್ಪ ನೆನಪು ಮಾಡ್ಕೋ. 2024ರ ಆಗಸ್ಟ್ 6, ಪ್ಯಾರಿಸ್ ಒಲಿಂಪಿಕ್ಸ್, 50 ಕೆಜಿ ಕುಸ್ತಿ. ಮೊದಲನೇ ಬೌಟೇ ಜಪಾನಿನ ಯೂಯಿ ಸುಸಾಕಿ ಮೇಲೆ, ಟೋಕಿಯೋದ ಗೋಲ್ಡ್ ಮೆಡಲಿಸ್ಟ್, ವಿದೇಶಿ ಕುಸ್ತಿಗಾರ್ತಿ ಯಾರ ಕೈಲೂ ಅಲ್ಲೀವರೆಗೆ ಸೋತೇ ಇರದ ಹುಡುಗಿ. ಅವಳನ್ನ ಕೊನೇ ಸೆಕೆಂಡುಗಳಲ್ಲಿ ಕೆಡವಿದ್ಲು, ಆಮೇಲೆ ಉಕ್ರೇನಿನವಳು, ಆಮೇಲೆ ಕ್ಯೂಬಾದವಳು, ಒಂದೇ ದಿನದಲ್ಲಿ ಮೂರು ಗೆದ್ದು ಫೈನಲ್. ಮಾರನೇ ದಿನ ಬೆಳಿಗ್ಗೆ ತೂಕದಲ್ಲಿ 100 ಗ್ರಾಂ ಜಾಸ್ತಿ. ರಾತ್ರಿಯೆಲ್ಲ ಓಡಿದ್ಲು, ಬೆವರು ಹರಿಸಿದ್ಲು, ಕೂದಲೂ ಕತ್ತರಿಸಿಕೊಂಡ್ಲು, ಆದ್ರೂ ಇಳೀಲಿಲ್ಲ. ಎರಡು ದಿನದ ಟೂರ್ನಿ ಆದ್ರೆ ಎರಡೂ ದಿನ ಬೆಳಿಗ್ಗೆ ತೂಕ ಸರಿಯಾಗಿ ಬರಬೇಕು, ಬರದಿದ್ರೆ ಬರೀ ಫೈನಲ್ ಅಲ್ಲ, ಹಿಂದಿನ ದಿನ ಗೆದ್ದದ್ದೆಲ್ಲಾ ಹೋಗಿ ಲಿಸ್ಟಿನ ಕಟ್ಟಕಡೆಗೆ ಹಾಕ್ತಾರೆ, ಆ ರೂಲೇ ಹಾಗಿದೆ. ಮೈಯಲ್ಲಿ ನೀರಿನಂಶ ಇಲ್ಲದೆ ಡಾಕ್ಟರ ಹತ್ರ ಮಲಗಿದ್ದ ಹೆಂಗಸು ಅದರ ಮಾರನೇ ದಿನ "ಸಾಕು, ಇನ್ನು ಶಕ್ತಿ ಇಲ್ಲ" ಅಂತ ಹಾಕಿದ್ದನ್ನ ನೀನು ವಿದಾಯ ಅಂತೀಯಲ್ಲ! ಅಂಥಾ ಹೊತ್ತಲ್ಲಿ ತಗೊಂಡ ತೀರ್ಮಾನಾನ ಯಾರಾದ್ರೂ ಜೀವನಪೂರ್ತಿ ಇಟ್ಕೊಳ್ಳಲೇಬೇಕು ಅನ್ನೋದು ಯಾವ ನ್ಯಾಯ.

ವಿಷಯ ಏನಂದ್ರೆ, ಅವಳು ಹೋದ ರೀತಿ ನಮಗೆಲ್ಲ ತುಂಬಾ ಹಿಡಿಸಿಬಿಟ್ಟಿತ್ತು. ಬೀದಿಯಲ್ಲಿ ಪ್ರತಿಭಟನೆಗೆ ಕೂತವಳು, ಪೊಲೀಸರು ಎಳಕೊಂಡು ಹೋದವಳು, ಮಂಡಿ ಆಪರೇಷನ್ ಮಾಡಿಸ್ಕೊಂಡು ಬಂದವಳು, ಚಾಂಪಿಯನ್ನನ್ನೇ ಕೆಡವಿ 100 ಗ್ರಾಂಗೆ ಸೋತವಳು. ಕಥೆ ಅಂದ್ರೆ ಹೀಗಿರಬೇಕು ಅನ್ನೋ ಹಾಗಿತ್ತು, ಎಲ್ಲರೂ ಸ್ಟೇಟಸ್ ಹಾಕ್ಕೊಂಡು ಅತ್ತು ಮುಗಿಸಿದ್ವಿ. ಈಗ ಅವಳು ಎದ್ದು ಬಂದು ನಾನಿನ್ನೂ ಆಡ್ತೀನಿ ಅಂದ್ರೆ ಕಿರಿಕಿರಿ ಆಗೋದು ಅವಳ ಮರ್ಯಾದೆ ಚಿಂತೆಯಿಂದಲ್ಲ ಕಣೇ, ನಾವು ಮುಗಿಸಿ ಎತ್ತಿಟ್ಟಿದ್ದ ಕಥೆ ಮತ್ತೆ ತೆರೀತಲ್ಲ ಅಂತ.

ಇನ್ನು ಉಳಿದವರು ಬರೆಯೋದನ್ನೂ ನೋಡಿದೆ. ಒಂದಷ್ಟು ಜನ "ಸಿಂಹಿಣಿ ಬಂದ್ಲು, ಗೋಲ್ಡ್ ಗ್ಯಾರಂಟಿ" ಅಂತಾರೆ, ಅವರಲ್ಲಿ ಮುಕ್ಕಾಲು ಜನಕ್ಕೆ ಅವಳು ಯಾವ ತೂಕದಲ್ಲಿ ಆಡ್ತಾಳೆ ಅನ್ನೋದೂ ಗೊತ್ತಿಲ್ಲ. ಇನ್ನೊಂದಷ್ಟು ಜನ "ರಾಜಕೀಯ ಬೋರ್ ಆಯ್ತು, ಪಬ್ಲಿಸಿಟಿ ಬೇಕು" ಅಂತಾರೆ. ಇದರಲ್ಲಿ ಶಾಸಕಿ ಆಗಿರೋ ಮಾತು ಮಾತ್ರ ತಳ್ಳಿಹಾಕೋ ಹಾಗಿಲ್ಲ. 2024ರ ಅಕ್ಟೋಬರಲ್ಲಿ ಜುಲಾನಾದಲ್ಲಿ ಗೆದ್ದು ಹರಿಯಾಣ ವಿಧಾನಸಭೆಗೆ ಹೋಗಿದಾಳೆ, ದಿನಾ ಎರಡು ಹೊತ್ತು ಟ್ರೈನಿಂಗ್ ಮಾಡ್ಕೊಂಡು ಕ್ಷೇತ್ರದ ಕೆಲಸ ಹೇಗಮ್ಮ ಮಾಡ್ತೀಯ ಅಂತ ಅಲ್ಲಿನ ವೋಟರ್ ಕೇಳಿದ್ರೆ ಉತ್ತರ ಕೊಡಲೇಬೇಕು. ಆದ್ರೆ ಕೇಳೋ ಹಕ್ಕಿರೋದು ಅವರಿಗೆ, ನಿನಗೂ ನನಗೂ ಅಲ್ಲ. ನಾವು ವೋಟ್ ಹಾಕಿಲ್ಲ, ಟಿಕೆಟ್ಟೂ ತಗೊಂಡಿಲ್ಲ, ಮೊಬೈಲಲ್ಲಿ ನೋಡಿ ಕೂಗಾಡಿದ್ದು ಅಷ್ಟೇ.

ಮಗು ಆದಮೇಲೆ ಇದೆಲ್ಲ ಯಾಕೆ ಅಂತ ಕೇಳಿದವರೂ ಇದಾರೆ, ಅವರಿಗೆ ನಾನು ಉತ್ತರಾನೇ ಕೊಡಲ್ಲ. ಮೇರಿ ಕೋಮ್ ಅವಳಿ ಮಕ್ಕಳು ಹುಟ್ಟಿದ ಮೇಲೇನೇ 2008ರಲ್ಲಿ ವರ್ಲ್ಡ್ ಚಾಂಪಿಯನ್ ಆಗಿದ್ದು, 2012ರಲ್ಲಿ ಲಂಡನ್‌ನಿಂದ ಕಂಚು ತಂದಿದ್ದು. ಸಾನಿಯಾ ಮಿರ್ಜಾ ಮಗ ಹುಟ್ಟಿದ ಮೇಲೆ ವಾಪಸ್ ಬಂದು 2020ರ ಜನವರಿಯಲ್ಲಿ ಹೋಬಾರ್ಟ್ ಡಬಲ್ಸ್ ಗೆದ್ಲು, ಅದೂ ವಾಪಸ್ ಬಂದ ಮೊದಲನೇ ಟೂರ್ನಮೆಂಟಲ್ಲೇ.

ಈಗ ನಿನ್ನ ಮುಖ್ಯ ಪಾಯಿಂಟಿಗೆ ಬರೋಣ, ಬಂದು ಸೋತ್ರೆ ಹಳೇದೆಲ್ಲ ಅಳಿಸಿಹೋಗುತ್ತೆ ಅಂತೀಯಲ್ಲ. ನಿಜವಾಗಲೂ ಅಳಿಸುತ್ತಾ? ನಮ್ಮ ಜಾವಗಲ್ ಶ್ರೀನಾಥ್ 2002ರಲ್ಲಿ ಟೆಸ್ಟ್ ಸಾಕು ಅಂತ ನಿಲ್ಲಿಸಿದ್ರು, ಗಂಗೂಲಿ ಬೆನ್ನು ಬಿದ್ದು ವಾಪಸ್ ಕರ್ಕೊಂಡು ಬಂದ, 2003ರ ವರ್ಲ್ಡ್ ಕಪ್ಪಲ್ಲಿ 11 ಮ್ಯಾಚಿಗೆ 16 ವಿಕೆಟ್. ಫೈನಲ್ ಮಾತ್ರ ಕೇಳ್ಬೇಡ, 10 ಓವರಿಗೆ 87 ರನ್ ಹೋಯ್ತು, ಒಂದು ವಿಕೆಟ್ಟೂ ಇಲ್ಲ, ಪಾಂಟಿಂಗ್ ಹೊಡೆದ ಹೊಡೆತಕ್ಕೆ ನಿಮ್ಮಪ್ಪ ಟಿವಿ ಆಫ್ ಮಾಡಿ ಆಮೇಲೆ ತಡ್ಕೊಳ್ಳೋಕಾಗದೆ ಮತ್ತೆ ಆನ್ ಮಾಡಿದ್ರು. ಅವತ್ತು ಎಷ್ಟು ಬೈದ್ರು ಗೊತ್ತಾ ಜನ, "ಮುಂಚೇನೇ ಮರ್ಯಾದೆಯಾಗಿ ಹೋಗಬೇಕಿತ್ತು" ಅಂತ, ಈಗ ನೀನು ಹೇಳ್ತಿರೋದೇ. ಇವತ್ತು ಶ್ರೀನಾಥ್ ಅಂದ್ರೆ ಯಾರಾದ್ರೂ ಆ 87 ರನ್ ಹಿಡ್ಕೊಂಡು ಕೂತಿದಾರಾ? ಅದೇ ಅವರು ಬರದೇ ಇದ್ದಿದ್ರೆ ಆ 16 ವಿಕೆಟ್ ಎಲ್ಲಿರ್ತಿತ್ತು ಅನ್ನೋದನ್ನೂ ಯೋಚನೆ ಮಾಡು.

ಕಿಮ್ ಕ್ಲೈಸ್ಟರ್ಸ್ ಕಥೆ ಇನ್ನೂ ಮಜಾ ಇದೆ. 2007ರಲ್ಲಿ ಟೆನಿಸ್ ಬಿಟ್ಲು, ಮಗಳು ಹುಟ್ಟಿದ್ಲು, 2009ರಲ್ಲಿ ವೈಲ್ಡ್ ಕಾರ್ಡ್ ತಗೊಂಡು ಯುಎಸ್ ಓಪನ್‌ಗೆ ಬಂದು ವೀನಸ್, ಸೆರೀನಾ ಇಬ್ಬರನ್ನೂ ಸೋಲಿಸಿ ಕಪ್ ಎತ್ತಿದ್ಲು, ಪುಟ್ಟ ಮಗಳು ಕೋರ್ಟ್ ತುಂಬಾ ಓಡಾಡ್ತಿತ್ತು. 2012ರಲ್ಲಿ ಮತ್ತೆ ಬಿಟ್ಲು. 2020ರಲ್ಲಿ ಮತ್ತೊಂದು ಸಲ ಬಂದ್ಲು, ಆ ಸಲ ಡಬ್ಲ್ಯುಟಿಎ ಅನ್ನೋ ಹೆಂಗಸರ ಟೆನಿಸ್ ಟೂರಲ್ಲಿ ಒಂದು ಸಿಂಗಲ್ಸ್ ಮ್ಯಾಚೂ ಗೆಲ್ಲಲಿಲ್ಲ, ಎಲ್ಲದರಲ್ಲೂ ಸೋತು ಸುಮ್ಮನೆ ಮನೆಗೆ ಹೋದ್ಲು. ಈ ಮೂರನೇ ಭಾಗ ನಿನಗೆ ಗೊತ್ತಿತ್ತಾ? ಗೊತ್ತಿರಲಿಕ್ಕಿಲ್ಲ. ಕೆಟ್ಟ ಕಮ್‌ಬ್ಯಾಕ್ ಹಳೇ ಗೆಲುವನ್ನ ತಿನ್ನಲ್ಲ, ಆ ಕೆಟ್ಟ ಕಮ್‌ಬ್ಯಾಕನ್ನೇ ಜನ ಮರೀತಾರೆ. ಬಾಸ್ಕೆಟ್‌ಬಾಲಿನ ಮೈಕೆಲ್ ಜೋರ್ಡನ್ ಮೊದಲನೇ ಸಲ ವಾಪಸ್ ಬಂದ ಮೇಲೆ ಅವನ ಟೀಮ್ ಬುಲ್ಸ್‌ಗೆ 1996, 97, 98 ಮೂರೂ ವರ್ಷ ಚಾಂಪಿಯನ್‌ಶಿಪ್ ಬಂತು, ಎರಡನೇ ಸಲ ಬಂದು ವಾಷಿಂಗ್ಟನ್ ವಿಜರ್ಡ್ಸ್‌ಗೆ ಆಡಿದಾಗ ಪ್ಲೇಆಫ್ಸ್ ಕೂಡ ಸಿಗಲಿಲ್ಲ. ಟೀ ಶರ್ಟ್ ಮೇಲೆ ಯಾವುದು ಅಚ್ಚಾಗುತ್ತೆ ನೋಡು.

ಎಲ್ಲಾ ಕಮ್‌ಬ್ಯಾಕೂ ಹೀಗೇ ಹಗುರ ಅಂತ ನಾನೇನೂ ಹೇಳ್ತಿಲ್ಲ. ಬಾಕ್ಸರ್ ಮುಹಮ್ಮದ್ ಅಲಿ 1980ರಲ್ಲಿ 38ನೇ ವಯಸ್ಸಲ್ಲಿ ಲ್ಯಾರಿ ಹೋಮ್ಸ್ ಎದುರು ರಿಂಗಿಗೆ ಬಂದು ಹತ್ತು ರೌಂಡ್ ಸುಮ್ಮನೆ ಏಟು ತಿಂದ, ಕೊನೆಗೆ ಅವನ ಕಡೆಯವರೇ ನಿಲ್ಲಿಸಬೇಕಾಯ್ತು. ಅಲ್ಲಿ ಹೋಗಿದ್ದು ಹೆಸರಲ್ಲ, ದೇಹ. ಅದಕ್ಕೇ ವಿನೇಶ್ ವಿಷಯದಲ್ಲೂ ನಂಗೆ ಭಯ ಇದ್ರೆ ಅದೊಂದೇ, ತೂಕ.

ಇದನ್ನ ಮಾತ್ರ ಯಾರೂ ಮಾತಾಡ್ತಿಲ್ಲ, ನೀನೂ ಮಾತಾಡಿಲ್ಲ. ಹೆಂಗಸರ ಒಲಿಂಪಿಕ್ ಕುಸ್ತಿಯಲ್ಲಿ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಇದ್ದದ್ದು ಆರೇ ತೂಕದ ಕ್ಯಾಟಗರಿ, 50, 53, 57, 62, 68, 76 ಕೆಜಿ. ಒಂದು ದೇಶದಿಂದ ಒಂದು ಕ್ಯಾಟಗರಿಗೆ ಒಬ್ಬಳೇ. ಪ್ಯಾರಿಸ್‌ಗೆ ಮುಂಚೆ ಕೆಲವು ವರ್ಷ ವಿನೇಶ್ ಆಡ್ತಿದ್ದದ್ದು 53ರಲ್ಲಿ, ಟೋಕಿಯೋದಲ್ಲಿ ಆಡಿದ್ದೂ ಅದರಲ್ಲೇ. ಪ್ಯಾರಿಸ್ ಹೊತ್ತಿಗೆ 53ರ ಕೋಟಾ, ಅಂದ್ರೆ ದೇಶಕ್ಕಿರೋ ಆ ಒಂದು ಜಾಗಾನ, ಅಂತಿಮ್ ಪಂಘಾಲ್ ಅನ್ನೋ ನಮ್ಮ ಇನ್ನೊಬ್ಬ ಕುಸ್ತಿಗಾರ್ತಿ ತಂದಿದ್ಲು, ಅದಕ್ಕೇ ಇವಳು ದೇಹ ಹಿಂಡಿ 50ಕ್ಕೆ ಇಳಿದಿದ್ದು, ಆ 100 ಗ್ರಾಂ ಹುಟ್ಟಿದ್ದೇ ಅಲ್ಲಿಂದ. ಈಗ ಹೆರಿಗೆ ಆಗಿದೆ, 2028ಕ್ಕೆ 33 ವರ್ಷ ತುಂಬಿರುತ್ತೆ, ಮತ್ತೆ 50 ಅಂದ್ರೆ ನಾನೇ ಹೋಗಿ ಕೈ ಮುಗಿದು ಬೇಡಮ್ಮ ಅಂತೀನಿ. 53ರಲ್ಲಿ ಅಂತಿಮ್ ಇನ್ನೂ ಗಟ್ಟಿಯಾಗಿ ಕೂತಿದಾಳೆ, 2025ರ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲೂ ಕಂಚು ಗೆದ್ದಳು. 57 ಅಂದ್ರೆ ಎದುರಾಳಿಗಳ ಮೈಕಟ್ಟೇ ಬೇರೆ, ಇಷ್ಟು ದಿನ ಇವಳು ಎಳೆದು ಕೆಡವುತ್ತಿದ್ದವರಿಗಿಂತ ಭಾರ. ಒಂದೊಂದು ಆಯ್ಕೆಗೂ ಒಂದೊಂದು ಬೆಲೆ ಇದೆ, ಅದು ಬಿಟ್ಟು ನಾವು "ಲೆಗಸಿ ಲೆಗಸಿ" ಅಂತ ಬಡ್ಕೋತಿದೀವಿ.

ಅಂತಿಮ್ ಹೆಸರು ಬಂದಿದ್ದಕ್ಕೆ ಇನ್ನೊಂದು ನೆನಪು ಮಾಡ್ತೀನಿ. 2023ರಲ್ಲಿ ಏಷ್ಯನ್ ಗೇಮ್ಸ್‌ಗೆ ವಿನೇಶ್, ಕುಸ್ತಿಪಟು ಬಜರಂಗ್ ಪುನಿಯಾ ಇಬ್ಬರಿಗೂ ಟ್ರಯಲ್ಸ್, ಅಂದ್ರೆ ಆಯ್ಕೆ ಪಂದ್ಯ, ಇಲ್ಲದೆ ನೇರ ಎಂಟ್ರಿ ಕೊಟ್ಟಿದ್ರು, ಅಂತಿಮ್ ಕೋರ್ಟಿಗೆ ಹೋದ್ಲು, ಡೆಲ್ಲಿ ಹೈಕೋರ್ಟಲ್ಲಿ ನಡೀಲಿಲ್ಲ. ಕೊನೆಗೆ ವಿನೇಶ್ ಮಂಡಿ ಪೆಟ್ಟಾಗಿ ಹಿಂದೆ ಸರಿದ ಮೇಲೆ ಅಂತಿಮ್ ಹೋಗಿ ಹಾಂಗ್‌ಝೌನಲ್ಲಿ ಕಂಚು ತಂದ್ಲು. ಅವತ್ತು ನೀನೇ "ವಿನೇಶ್ ನನ್ನ ಫೇವರಿಟ್, ಆದ್ರೂ ಇದು ತಪ್ಪು" ಅಂತ ನನ್ನ ಹತ್ರ ಜಗಳ ಆಡಿದ್ದೆ. ಅವತ್ತು ನೀನು ಆಡಿದ ಮಾತು ಸರಿ ಇತ್ತು ಕಣೇ, ಆ ಮಾತನ್ನೇ ಈಗಲೂ ಕೇಳು, ಈ ವಿದಾಯ ಪಿದಾಯ ಬಿಡು. ವಾಪಸ್ ಬರ್ತೀನಿ ಅನ್ನೋ ದೊಡ್ಡ ಹೆಸರಿಗೆ ಅಭಿಮಾನಿಗಳು ಕೇಳಬೇಕಾಗಿರೋದು ಒಂದೇ, ಟ್ರಯಲ್ಸ್ ಆಡ್ತೀಯಾ ಇಲ್ವಾ ಅಂತ.

ಮೇರಿ ಕೋಮ್ ವಿಷಯದಲ್ಲಿ ಇದೇ ಆಯ್ತು. ಟೋಕಿಯೋ ಒಲಿಂಪಿಕ್ಸ್ ಬಾಕ್ಸಿಂಗಿನ ಕ್ವಾಲಿಫೈಯರ್‌ಗೆ ಅವರನ್ನೇ ಕಳಿಸೋ ಮಾತು ನಡೀತಿತ್ತು, ನಿಖತ್ ಝರೀನ್ ಅನ್ನೋ ಹುಡುಗಿ ನಂಗೂ ಟ್ರಯಲ್ ಕೊಡಿ ಅಂತ ಓಪನ್ನಾಗಿ ಕೇಳಿದ್ಲು. ಅಭಿಮಾನಿಗಳು ಆ ಹುಡುಗೀನ ಹಿಗ್ಗಾಮುಗ್ಗಾ ಬೈದ್ರು, ಮೇರಿ ಕೋಮ್ ಎದುರಿಗೆ ನಿಲ್ಲೋಕೆ ನೀನ್ಯಾರು ಅಂತ. 2019ರ ಡಿಸೆಂಬರಲ್ಲಿ ಟ್ರಯಲ್ ಆಯ್ತು, ಮೇರಿ 9-1ರಲ್ಲಿ ಗೆದ್ರು. ಗೆದ್ದಿದ್ದಕ್ಕೆ ಯಾರೂ ಬಾಯಿ ಬಿಡೋ ಹಾಗಿರಲಿಲ್ಲ. ಆ ನಿಖತ್ 2022ರಲ್ಲಿ ವರ್ಲ್ಡ್ ಚಾಂಪಿಯನ್ ಆದ್ಲು. ರಿಂಗಲ್ಲಿ ತೀರ್ಮಾನ ಆದ್ರೆ ಹಳಬರಿಗೂ ಗೌರವ ಉಳಿಯುತ್ತೆ, ಹೊಸಬರಿಗೂ ದಾರಿ ಮುಚ್ಚಲ್ಲ. ಫುಟ್ಬಾಲಲ್ಲಿ ಅದೇ ಕಷ್ಟ, ಟ್ರಯಲ್ ಅಂತ ಇಲ್ಲ, ಕೋಚ್ ಕರೆದರೆ ಆಯ್ತು. ಸುನಿಲ್ ಛೆಟ್ರಿ 2024ರ ಜೂನಲ್ಲಿ ಎಲ್ಲರನ್ನೂ ಅಳಿಸಿ ಹೋಗಿ 2025ರ ಮಾರ್ಚಲ್ಲಿ ವಾಪಸ್ ಬಂದಾಗ, ಮಾಲ್ಡೀವ್ಸ್ ಮೇಲೆ ಗೋಲ್ ಹೊಡೆದ್ರೂ "ಇಷ್ಟು ದೊಡ್ಡ ದೇಶದಲ್ಲಿ ಇನ್ನೊಬ್ಬ ಸ್ಟ್ರೈಕರ್ ಇಲ್ವಾ" ಅಂತ ಕೇಳಿದ್ರಲ್ಲ, ಆ ಪ್ರಶ್ನೇಲಿ ಛೆಟ್ರಿ ತಪ್ಪೇನೂ ಇರಲಿಲ್ಲ, ಆದ್ರೆ ಪ್ರಶ್ನೆ ಸುಳ್ಳೂ ಅಲ್ಲ.

ಅಂದಹಾಗೆ ಇವತ್ತು ಪೋಸ್ಟ್ ಹಾಕಿ ನಾಳೆ ಮ್ಯಾಟ್ ಹತ್ತೋ ಹಾಗೂ ಇಲ್ಲ. ಡೋಪಿಂಗ್ ಟೆಸ್ಟಿಂಗ್ ಪಟ್ಟಿಯಲ್ಲಿದ್ದು ರಿಟೈರ್ ಆದವರು ವಾಪಸ್ ಬರಬೇಕಂದ್ರೆ ಆರು ತಿಂಗಳು ಮುಂಚೆ ಬರೆದುಕೊಟ್ಟು, ಯಾವಾಗ ಬಂದ್ರೂ ಸ್ಯಾಂಪಲ್ ಕೊಡ್ತೀನಿ ಅಂತ ರೆಡಿ ಇರಬೇಕು. ಈಜುಗಾರ ಮೈಕೆಲ್ ಫೆಲ್ಪ್ಸ್ ಕೂಡ ಹಾಗೇ ಮಾಡಿ 2014ರಲ್ಲಿ ಈಜೋಕೆ ಇಳಿದಿದ್ದು, ಆಮೇಲೆ ರಿಯೋದಲ್ಲಿ ಐದು ಗೋಲ್ಡ್ ಹೊಡೆದ. ಹಾಗಾಗಿ ಇದು ಸುಮ್ಮನೆ ಗಾಳಿಗೆ ಹೇಳಿದ ಮಾತಾ ಅಲ್ವಾ ಅನ್ನೋದು ನಿಧಾನಕ್ಕೆ ಅದಾಗೇ ಗೊತ್ತಾಗುತ್ತೆ, ನೀನು ಈಗ್ಲೇ ಅನ್‌ಫಾಲೋ ಮಾಡೋ ಅವಶ್ಯಕತೆ ಇಲ್ಲ. (ಮಾಡಿದೀಯ ಅಂತ ನಿನ್ನ ತಮ್ಮ ಹೇಳಿದ. ಮತ್ತೆ ಫಾಲೋ ಮಾಡು, ಹುಚ್ಚಿ.)

ನಂಗನ್ಸೋದು, 57ಕ್ಕೆ ಹೋಗಲಿ. ತೂಕ ಇಳಿಸೋ ನರಕ ಇರಲ್ಲ, ಅಂತಿಮ್ ದಾರಿಗೆ ಅಡ್ಡ ಬರಲ್ಲ, ಟ್ರಯಲ್ಸಲ್ಲಿ ಸೋತ್ರೆ ಸೋತ್ಲು. ನಿಮ್ಮಪ್ಪ 53 ಅಂತಾರೆ, ವಿನೇಶ್‌ಗೂ ಅಂತಿಮ್‌ಗೂ ಬೌಟ್ ನಡೆಯೋದನ್ನ ಒಂದು ಸಲ ನೋಡಬೇಕಂತೆ ಅವರಿಗೆ, ಯಾರು ಗೆಲ್ತಾರೆ ಅಂತ ಕೇಳಿದ್ರೆ ಮಾತ್ರ ಹೇಳಲ್ಲ. ನೀನೇನಂತೀಯ? ಯೋಚನೆ ಮಾಡಿ ಬರಿ, ಬರೀ ಇಮೋಜಿ ಕಳಿಸಿದ್ರೆ ಲೆಕ್ಕಕ್ಕಿಲ್ಲ.

ಇಂತಿ,
ನಿನ್ನ ಅಮ್ಮ